ಸೊಂಟ ಎಳೆಯುವ ಯಂತ್ರದಲ್ಲಿ 20 ಸಲ ಮಲಗಬೇಕಂತೆ. 7 ಮುಗಿದಿವೆ, ಮುಂದುವರಿಸಲೇ?

ಲೆಕ್ಕದ ಮೇಷ್ಟ್ರು, ದಾವಣಗೆರೆ

ವಯಸ್ಸು 43, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಯುಗಾದಿಯ ಹಿಂದಿನ ದಿನ ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬನೇ ಬಗ್ಗಿ ಎತ್ತಿದೆ. ಸೊಂಟದಲ್ಲಿ ಚಳಕ್ ಎಂದಿತು. ಆಗ ಅದು ದೊಡ್ಡದೆನಿಸಲಿಲ್ಲ. ಹೋಳಿಗೆಗೆ ಇಟ್ಟ ಬೇಳೆ ಬೇಯುವಷ್ಟರಲ್ಲಿ ಗೋಡೆ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ನಾಲ್ಕನೇ ದಿನಕ್ಕೆ ನೋವು ಸೊಂಟ ಬಿಟ್ಟು ಬಲಗಾಲಿಗೆ ಇಳಿಯಿತು. ಪೃಷ್ಠದಿಂದ ತೊಡೆಯ ಹಿಂಭಾಗ, ಮೀನಖಂಡ, ಅಲ್ಲಿಂದ ಕಿರುಬೆರಳಿನವರೆಗೆ ತಂತಿ ಎಳೆದಂತೆ. ಕಿರುಬೆರಳಿನ ಅಂಚಿನಲ್ಲಿ ಈಗಲೂ ಜೋಮು ಇದೆ.

ಎಂಆರ್‌ಐ ವರದಿಯಲ್ಲಿ ಎಲ್5-ಎಸ್1 ಎಂಬ ಸೊಂಟದ ತೀರಾ ಕೆಳಗಿನ ಜಾಗದ ಡಿಸ್ಕ್ (ಮಣಿಗಳ ನಡುವಿನ ಮೆತ್ತೆ) ಹೊರಚಾಚಿ ಬಲಗಡೆಯ ನರವನ್ನು ಒತ್ತುತ್ತಿದೆ ಎಂದು ಬರೆದಿದ್ದಾರೆ. ಮೇಲಿನ ಎರಡು ಡಿಸ್ಕ್‌ಗಳೂ ಉಬ್ಬಿವೆಯಂತೆ. ಪರಿಚಯದವರೊಬ್ಬರು ‘ಆಪರೇಷನ್ ಇಲ್ಲದೆ ಡಿಕಂಪ್ರೆಷನ್’ (ಒತ್ತಡ ಇಳಿಸುವುದು) ಎಂಬ ಫಲಕವಿರುವ ಕ್ಲಿನಿಕ್ಕಿಗೆ ಕರೆದೊಯ್ದರು. 20 ಸಿಟ್ಟಿಂಗ್, ಒಂದಕ್ಕೆ 1,800 ರೂಪಾಯಿ. ಒಟ್ಟು 36,000, ಅರ್ಧ ಮುಂಗಡ.

ಹೋದರೆ ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ ಬಿಗಿಯುತ್ತಾರೆ. ಮೊಣಕಾಲಿನ ಕೆಳಗೆ ದಿಂಬು. ಪರದೆಯ ಮೇಲೆ ಅಂಕಿ 15, 18, 22 ಎಂದು ನಿಧಾನವಾಗಿ ಏರುತ್ತದೆ, ಮೋಟಾರು ಗುಂಯ್ ಎನ್ನುತ್ತದೆ, ಮಂಚದ ಕೆಳಭಾಗ ಎರಡು ಬೆರಳಷ್ಟು ದೂರ ಸರಿಯುತ್ತದೆ. ಒಂದು ನಿಮಿಷ ಹಿಡಿದಿಟ್ಟು ಮತ್ತೆ ಸಡಿಲ. ಹೀಗೆ ಅರ್ಧ ಗಂಟೆ. ಎಳೆದಾಗ, ಬಿಗಿ ಚಪ್ಪಲಿ ಕಳಚಿದಂತೆ ಹಾಯೆನಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ಸ್ಕೂಟರಿನಲ್ಲಿ ಮನೆಗೆ ಬರುವಷ್ಟರಲ್ಲಿ ಕಾಲಿನ ತಂತಿ ಮತ್ತೆ ಬಿಗಿಯುತ್ತದೆ.

7 ಆಗಿವೆ, ಅಂದರೆ 12,600 ಕರಗಿತು. ಮುಂಗಡದಲ್ಲಿ ಇನ್ನು ಮೂರು ಸಿಟ್ಟಿಂಗಿನ ಹಣ ಉಳಿದಿದೆ. ‘ಡಿಸ್ಕ್ ಒಳಗೆ ಹೋಗಲು 20 ಆಗಲೇಬೇಕು, ನಡುವೆ ಬಿಟ್ಟರೆ ಮೊದಲಿನಿಂದ ಶುರು’ ಎನ್ನುತ್ತಾರೆ. ಗೋಡೆಯ ಮೇಲೆ ಗಗನಯಾತ್ರಿಯೊಬ್ಬನ ಚಿತ್ರವೂ ಇದೆ. ಅನುಭವವಿದ್ದವರು ಹೇಳಿ.

ಗೇರ್ ಬಾಕ್ಸ್, ಹುಬ್ಬಳ್ಳಿ

ಮೇಷ್ಟ್ರೇ, 19 ವರ್ಷ ಬಸ್ಸು ಓಡಿಸಿದ ಸೊಂಟ ನನ್ನದು, ನಿಮ್ಮ ಕಷ್ಟ ಗೊತ್ತು. ನಮ್ಮ ಕಡೆ ಇದಕ್ಕೆ ‘ಗಾದಿ ಸರಿದಿದೆ’ ಎನ್ನುತ್ತಾರೆ. 2011ರಲ್ಲಿ ನನ್ನನ್ನು ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿಸಿದ್ದರು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಸೊಂಟದ ಪಟ್ಟಿಗೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ಕಬ್ಬಿಣದ ತೂಕ ಇಳಿಬಿಟ್ಟಿದ್ದರು. ಬಾವಿಯ ಕೊಡದಂತೆ ಅದು ಮಂಚದ ತುದಿಯಲ್ಲಿ ತೂಗಾಡುತ್ತಿತ್ತು. ಹತ್ತು ದಿನಕ್ಕೆ ನೋವು ಇಳಿಯಿತು. ಅದಕ್ಕೂ ಮೊದಲು, ಕಾಲು ಮುಂದಾಗಿ ಹುಟ್ಟಿದ ಹುಡುಗನೊಬ್ಬನಿಂದ ಬೆನ್ನಿಗೆ ಒದೆಸಿಕೊಂಡಿದ್ದೆ, ಅದರ ಕಥೆ ಬೇಡ.

ನನ್ನ ಪ್ರಶ್ನೆ ಇಷ್ಟೆ. ನಿಮ್ಮ ಯಂತ್ರವೂ ನನ್ನ ಕಬ್ಬಿಣದ ತೂಕವೂ ಒಂದೇ ಅಲ್ಲವೇ? ಅದಕ್ಕೆ ಪರದೆ ಇದೆ, ನನ್ನದಕ್ಕೆ ಇಟ್ಟಿಗೆ ಇತ್ತು.

ಫಿಸಿಯೋ ಅಕ್ಕ, ಧಾರವಾಡ

ಗೇರ್ ಬಾಕ್ಸ್ ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಾನು ಇಪ್ಪತ್ತು ವರ್ಷಗಳಿಂದ ಈ ಎಳೆಯುವ ಮಂಚವನ್ನು ನಡೆಸುತ್ತಿದ್ದೇನೆ, ಹಾಗಾಗಿ ನನ್ನದೇ ಅಂಗಡಿಯ ಸರಕಿನ ಬಗ್ಗೆ ಮಾತಾಡುತ್ತಿದ್ದೇನೆ ಎಂದು ತಿಳಿಯಿರಿ.

ಮಲಗಿದ ಮನುಷ್ಯನನ್ನು ಸೊಂಟದಿಂದ ಎಳೆದರೆ ಮೊದಲು ಎದುರಾಗುವುದು ಹಾಸಿಗೆಯ ಘರ್ಷಣೆ. ದೇಹದ ತೂಕದ ಸುಮಾರು ಕಾಲು ಭಾಗದಷ್ಟು ಎಳೆತ ಅದಕ್ಕೇ ಖರ್ಚಾಗುತ್ತದೆ. 70 ಕಿಲೋ ತೂಗುವವರಿಗೆ 17-18 ಕಿಲೋ. ವಾರ್ಡಿನಲ್ಲಿ ತೂಗುಹಾಕುತ್ತಿದ್ದುದು ಎಂಟೋ ಹತ್ತೋ ಕಿಲೋ. ಅಂದರೆ ಆ ತೂಕ ಬೆನ್ನೆಲುಬಿನ ಮಣಿಗಳನ್ನು ಬೇರ್ಪಡಿಸಿದ್ದು ಅನುಮಾನ, ಅದು ನಿಮ್ಮನ್ನು ಮಂಚಕ್ಕೆ ಕಟ್ಟಿಹಾಕಿತ್ತು ಅಷ್ಟೆ. ಹತ್ತು ದಿನ ಬಸ್ಸು ಓಡಿಸದೆ ಮಲಗಿದ್ದಿರಿ, ಅದೇ ಔಷಧಿಯಾಗಿರಬೇಕು. (ಈಗ ಹಾಗೆ ದಿನಗಟ್ಟಲೆ ಮಲಗಿಸುವುದನ್ನೂ ಬಿಟ್ಟಿದ್ದೇವೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ.)

ಮೇಷ್ಟ್ರು ಮಲಗುತ್ತಿರುವ ಮಂಚ ಎರಡು ತುಂಡಾಗಿ ಸರಿಯುವಂಥದು, ಹಾಗಾಗಿ ಘರ್ಷಣೆಯ ತೊಡಕು ಕಡಿಮೆ. ಕಂಪ್ಯೂಟರು ಎಳೆತವನ್ನು ನಿಧಾನವಾಗಿ ಏರಿಸಿ ಇಳಿಸುತ್ತದೆ. ಸ್ನಾಯು ಗಾಬರಿಯಾಗಿ ಬಿಗಿದುಕೊಳ್ಳದಿರಲಿ ಎಂಬುದು ಅದರ ಹಿಂದಿನ ಲೆಕ್ಕ. 1990ರ ದಶಕದಲ್ಲಿ ಕೆನಡಾ, ಅಮೆರಿಕಗಳಲ್ಲಿ ವ್ಯಾಕ್ಸ್-ಡಿ ಎಂಬ ಹೆಸರಿನ ಮಂಚ ಬಂದಾಗಿನಿಂದ ಟ್ರ್ಯಾಕ್ಷನ್ (ಎಳೆತ) ಎನ್ನುವ ಹಳೆಯ ಪದ ಹೋಗಿ ಡಿಕಂಪ್ರೆಷನ್ ಎಂಬ ಹೊಸ ಪದ ಬಂತು. 1994ರಲ್ಲಿ ಇಬ್ಬರು ಸಂಶೋಧಕರು ಆ ಮಂಚದ ಮೇಲಿದ್ದ ಬೆರಳೆಣಿಕೆಯ ರೋಗಿಗಳ ಡಿಸ್ಕ್‌ಗೆ ಸೂಜಿ ಇಳಿಸಿ ಒಳಗಿನ ಒತ್ತಡ ಅಳೆದರು. ಎಳೆತದ ವೇಳೆ ಒತ್ತಡ ಸೊನ್ನೆಗಿಂತ ಕೆಳಗೆ ಹೋಗಿತ್ತು. ಕ್ಲಿನಿಕ್ಕುಗಳ ಕರಪತ್ರಗಳಲ್ಲಿ ‘ಡಿಸ್ಕ್ ಒಳಗೆ ಹೀರಿಕೊಳ್ಳುತ್ತದೆ’ ಎಂದು ಬರೆಯುವುದರ ಮೂಲ ಬಹುಪಾಲು ಅದೇ.

ಒತ್ತಡ ಇಳಿಯುವುದು ನಿಜವೇ ಇರಲಿ. ಎದ್ದು ನಿಂತೊಡನೆ ಏನಾಗುತ್ತದೆ? ಮೇಲಿನ ಅರ್ಧ ದೇಹದ ಭಾರ ಮತ್ತೆ ಅದೇ ಡಿಸ್ಕ್ ಮೇಲೆ ಕೂರುತ್ತದೆ. ಮೇಷ್ಟ್ರು ಸ್ಕೂಟರಿನಲ್ಲಿ ಅನುಭವಿಸಿದ್ದು ಅದನ್ನೇ. ಹೊರಚಾಚಿದ ಡಿಸ್ಕ್ ಮೇಜಿನ ಖಾನೆಯಂತೆ ಒಳಗೆ ತಳ್ಳಿ ಮುಚ್ಚುವ ವಸ್ತುವಲ್ಲ. ನಡುವಿನಲ್ಲಿ ಲೋಳೆಯಂಥ ತಿರುಳು, ಸುತ್ತ ನಾರಿನ ಪದರಗಳ ಬಳೆ. ಆ ಬಳೆಯಲ್ಲಿ ಬಿರುಕು ಬಿಟ್ಟು ತಿರುಳು ಹೊರಗೆ ತಳ್ಳಿದೆ. ಬಿರುಕು ಕೂಡಲು ತಿಂಗಳುಗಳೇ ಬೇಕು, ಯಂತ್ರ ಅದಕ್ಕೆ ಹೊಲಿಗೆ ಹಾಕುವುದಿಲ್ಲ.

ಹಾಗಾದರೆ ನಾನೇಕೆ ಇನ್ನೂ ಆ ಮಂಚ ಇಟ್ಟುಕೊಂಡಿದ್ದೇನೆ? ಕೆಲವರಿಗೆ, ಅದರಲ್ಲೂ ಕಾಲಿಗೆ ಇಳಿದ ನೋವಿನಿಂದ ಬೆನ್ನು ನೆಟ್ಟಗೆ ಮಾಡಲೂ ಆಗದವರಿಗೆ, ಅರ್ಧ ಗಂಟೆ ಹಾಯೆನಿಸುತ್ತದೆ. ಆ ಅರ್ಧ ಗಂಟೆಯಲ್ಲಿ ನಾನು ಅವರಿಂದ ವ್ಯಾಯಾಮ ಮಾಡಿಸಿಕೊಳ್ಳುತ್ತೇನೆ. ಎಳೆತವಾದ ಮೇಲೆ ನಿಮ್ಮಿಂದ ಯಾರಾದರೂ ಏನಾದರೂ ಮಾಡಿಸಿದರೇ, ಮೇಷ್ಟ್ರೇ? ಇಲ್ಲ ಪಟ್ಟಿ ಬಿಚ್ಚಿ ‘ನಾಳೆ ಬನ್ನಿ’ ಎಂದರೇ?

ನೇರ ಮಾತು, ಮೈಸೂರು

ಓದಿ ಸಿಟ್ಟು ಬಂತು. ನಾನು 24 ಸಿಟ್ಟಿಂಗ್ ಮುಗಿಸಿದವನು. ಶುರು ಮಾಡಿದಾಗ ಚಪ್ಪಲಿ ಹಾಕಿಕೊಳ್ಳಲು ಹೆಂಡತಿಯ ಸಹಾಯ ಬೇಕಿತ್ತು, ಎರಡು ತಿಂಗಳಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಮೆಟ್ಟಿಲು, ನಂದಿಯವರೆಗಲ್ಲ, ಪೂರ್ತಿ. ಅಧ್ಯಯನಗಳು ಏನಾದರೂ ಹೇಳಲಿ, ನನ್ನ ಕಾಲು ನನಗೆ ಸಾಕ್ಷಿ. ಮೇಷ್ಟ್ರೇ, ಕೈ ಹಾಕಿದ ಕೆಲಸ ಮುಗಿಸಿ. ಅರ್ಧಕ್ಕೆ ಬಿಟ್ಟು ಆಮೇಲೆ ಗುಣವಾಗಲಿಲ್ಲ ಎಂದರೆ ಯಾರ ತಪ್ಪು?

ಸಂಶಯ ಪಿಶಾಚಿ, ಬೆಂಗಳೂರು

ನೇರ ಮಾತು ಅವರೇ, ಬೆಟ್ಟ ಹತ್ತಿದ್ದಕ್ಕೆ ಸಂತೋಷ. ಆದರೆ ಆ ಎರಡು ತಿಂಗಳು ಮನೆಯಲ್ಲೇ ಇದ್ದಿದ್ದರೂ ಹತ್ತುತ್ತಿದ್ದಿರೋ ಏನೋ. ಅದನ್ನು ತಿಳಿಯಲೆಂದೇ ಜನರನ್ನು ಎರಡು ಗುಂಪು ಮಾಡಿ ಒಂದನ್ನು ಎಳೆದು, ಇನ್ನೊಂದನ್ನು ಸುಮ್ಮನೆ ಎಳೆದಂತೆ ಮಾಡಿ ನೋಡುತ್ತಾರೆ. ಎಳೆತದ ಮೇಲಿನ 32 ಪ್ರಯೋಗಗಳನ್ನು, 2,762 ಜನರನ್ನು ಒಟ್ಟು ಸೇರಿಸಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2013ರಲ್ಲಿ ವಿಮರ್ಶೆ ಮಾಡಿತು. ನೋವು, ಓಡಾಟ, ಕೆಲಸಕ್ಕೆ ಮರಳುವುದು, ಯಾವುದರಲ್ಲೂ ಎಳೆತದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಕಾಲುನೋವು ಇದ್ದವರಲ್ಲಿಯೂ. ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟ್ರ್ಯಾಕ್ಷನ್ ಕೊಡಬೇಡಿ ಎಂದೇ ಬರೆದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೀರ್ಘಕಾಲದ ಸೊಂಟನೋವಿಗೆ ಬೇಡವೆಂದ ಚಿಕಿತ್ಸೆಗಳಲ್ಲಿಯೂ ಎಳೆತವಿದೆ. ಸೊಂಟದ ಬೆಲ್ಟ್ ಕೂಡ ಅದೇ ಸಾಲಿನಲ್ಲಿದೆ. ನಮ್ಮ ಅರ್ಧ ಊರು ಕಟ್ಟಿಕೊಂಡು ಓಡಾಡುವುದು ಅದನ್ನೇ.

ಇನ್ನು ಗೋಡೆಯ ಮೇಲಿನ ಗಗನಯಾತ್ರಿ. ಈ ಚಿತ್ರ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಬಾಹ್ಯಾಕಾಶದಲ್ಲಿ ಭಾರವಿಲ್ಲದ ಕಾರಣ ಡಿಸ್ಕ್‌ಗಳು ನೀರು ಕುಡಿದು ಹಿಗ್ಗುತ್ತವೆ, ಎತ್ತರ ಐದು ಸೆಂಟಿಮೀಟರಿನಷ್ಟು ಏರುವುದೂ ಉಂಟು. ಇಪ್ಪತ್ತನಾಲ್ಕು ಗಂಟೆಯ ಡಿಕಂಪ್ರೆಷನ್! ಅಂಥವರ ಬೆನ್ನು ಬಂಗಾರವಾಗಿರಬೇಕಲ್ಲವೇ? ಆಗುವುದು ಉಲ್ಟಾ. ಮೇಲೆ ಇರುವಾಗಲೇ ಬಹಳ ಮಂದಿಗೆ ಬೆನ್ನುನೋವು. ಭೂಮಿಗೆ ಮರಳಿದ ಮೇಲೆ ಡಿಸ್ಕ್ ಜಾರುವ ಸಂಭವ ಬೇರೆಯವರಿಗಿಂತ ಅವರಿಗೆ ಸುಮಾರು ನಾಲ್ಕು ಪಟ್ಟು ಹೆಚ್ಚು. ಬೆನ್ನಿನ ಆಳದ ಸ್ನಾಯುಗಳು ಕೆಲಸವಿಲ್ಲದೆ ಸೊರಗಿರುತ್ತವೆ. ಹಾಗಾಗಿ ಆ ಚಿತ್ರವನ್ನು ವ್ಯಾಯಾಮಶಾಲೆಯ ಗೋಡೆಗೆ ಹಾಕಬೇಕಿತ್ತು, ತಪ್ಪಿ ಇಲ್ಲಿಗೆ ಬಂದಿದೆ.

ಎಳೆಯುವುದು ಹೊಸದೂ ಅಲ್ಲ. ಗ್ರೀಸಿನ ಹಿಪ್ಪೊಕ್ರೇಟಿಸನ ಕಾಲದಲ್ಲಿ ಗೂನುಬೆನ್ನಿನವರನ್ನು ಏಣಿಗೆ ಕಟ್ಟಿ ಎತ್ತರದಿಂದ ಕುಲುಕುತ್ತಿದ್ದರು. ಜನ ಬಾಯಿಬಿಟ್ಟು ನೋಡಲಿ ಎಂದೇ ಕೆಲವು ವೈದ್ಯರು ಇದನ್ನು ಮಾಡುತ್ತಾರೆ, ಆಮೇಲೆ ರೋಗಿ ಏನಾದ ಎಂದು ಯಾರೂ ಕೇಳುವುದಿಲ್ಲ ಎಂದು ಅದೇ ಪರಂಪರೆಯ ಗ್ರಂಥ ಬೈಯುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಬೈಗುಳ.

ನೇರ ಮಾತು, ಮೈಸೂರು

ನನ್ನನ್ನು ಏಣಿಗೆ ಕಟ್ಟಿರಲಿಲ್ಲ. ಎಸಿ ಕೋಣೆ, ಭಾವಗೀತೆ ಹಾಕಿದ್ದರು.

ಡಲ್ಲಾಸ್ ಬಿಸಿಲು

ಇಲ್ಲಿ ಪ್ರತಿ ಅಂಗಡಿ ಸಾಲಿನಲ್ಲೂ ಒಬ್ಬ ಕೈರೋಪ್ರಾಕ್ಟರ್ (ಕೈಯಿಂದ ಬೆನ್ನೆಲುಬು ಒತ್ತಿ ಚಿಕಿತ್ಸೆ ಕೊಡುವವನು) ಇದ್ದಾನೆ, ಅವನ ಬಳಿ ಈ ಮಂಚವೂ ಇದೆ. ಮೊದಲ ಭೇಟಿ ಉಚಿತ, ಎರಡನೆಯದರಲ್ಲಿ ಕಂತಿನ ಸಾಲದ ಕಾಗದ ಮುಂದಿಡುತ್ತಾರೆ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ವ್ಯಾಕ್ಸ್-ಡಿ ಚಿಕಿತ್ಸೆಗೆ ಹಣ ಕೊಡುವುದಿಲ್ಲ.

‘ಅಮೆರಿಕದ ಎಫ್‌ಡಿಎ ಒಪ್ಪಿದೆ’ ಎಂಬ ಮಾತು (ಔಷಧಿ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಅದು) ಊರಿನ ಜಾಹೀರಾತುಗಳಲ್ಲೂ ಕಾಣುತ್ತದೆ. ಅದರ ಒಳಗುಟ್ಟು ಹೇಳುತ್ತೇನೆ. ಈ ಯಂತ್ರಗಳಿಗೆ ಸಿಕ್ಕಿರುವುದು ಮಾರಾಟದ ಪರವಾನಗಿಯ ಬಗೆಯದು. ಈಗಾಗಲೇ ಮಾರುಕಟ್ಟೆಯಲ್ಲಿರುವ ಹಳೆಯ ಉಪಕರಣಕ್ಕೆ ನಮ್ಮದು ಸರಿಸಮಾನ ಎಂದು ತೋರಿಸಿದರೆ ಅದು ಸಿಗುತ್ತದೆ. ಹೊಸ ಔಷಧಿಯಂತೆ ಪರಿಣಾಮವನ್ನು ಸಾಬೀತು ಮಾಡಬೇಕಿಲ್ಲ. ಈ ಮಂಚಗಳು ಅಲ್ಲಿನ ಕಡತದಲ್ಲಿ ಕುಳಿತಿರುವುದು ವಿದ್ಯುತ್ತಿನ ಟ್ರ್ಯಾಕ್ಷನ್ ಉಪಕರಣ ಎಂಬ ವರ್ಗದಲ್ಲಿ. ಸರ್ಕಾರದ ಮುಂದೆ ‘ಹಳೆಯದರಂತೆಯೇ ಇದೆ’, ರೋಗಿಯ ಮುಂದೆ ‘ಹಳೆಯದಕ್ಕೂ ಇದಕ್ಕೂ ಸಂಬಂಧವೇ ಇಲ್ಲ’. ಗೇರ್ ಬಾಕ್ಸ್ ಅವರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಉದ್ದಿನ ಹಿಟ್ಟು, ಉಡುಪಿ

ನಾನು ಆಯುರ್ವೇದ ವೈದ್ಯೆ. ಮೇಷ್ಟ್ರು ವರ್ಣಿಸಿದ್ದು ನಮ್ಮಲ್ಲಿ ಗೃಧ್ರಸೀ. ಗೃಧ್ರ ಎಂದರೆ ರಣಹದ್ದು, ನೋವಿರುವವರ ಕುಂಟುನಡಿಗೆ ಅದರಂತೆ ಕಾಣುತ್ತದೆ ಎಂದು ಆ ಹೆಸರು. ಕಾಲನ್ನು ಎತ್ತಿ ಚಾಚಲು ತಡೆಯಾಗುವುದೇ ಅದರ ಗುರುತು ಎಂದು ಸುಶ್ರುತ ಹೇಳುತ್ತಾನೆ. ಇಂದಿನ ಮೂಳೆ ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ ನೋಡುತ್ತಾರಲ್ಲ, ಅದೇ.

ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ತೈಲ ನಿಲ್ಲಿಸುವ ಕಟಿಬಸ್ತಿಯನ್ನು ನಾನು ದಿನವೂ ಮಾಡುತ್ತೇನೆ. ಬಿಗಿದ ಸ್ನಾಯು ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅದು ಡಿಸ್ಕನ್ನು ಒಳಗೆ ತಳ್ಳುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಮ್ಮವರಲ್ಲೇ ಹಾಗೆ ಹೇಳುವವರಿದ್ದಾರೆ. ಬಂದವರಿಗೆ ನಾನು ಮೊದಲು ಹೇಳುವುದು ಎರಡೂ ಕಾಲಿನ ಬಲ ನೋಡಿಕೊಳ್ಳಿ ಎಂದು. ಮೇಷ್ಟ್ರೇ, ನಿಮ್ಮ ಕಾಲಿನ ಬಲವನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ನೀವು ಎಂಆರ್‌ಐ ಬಗ್ಗೆ ಬರೆದಿದ್ದೀರಿ, ಸಿಟ್ಟಿಂಗ್ ಬಗ್ಗೆ ಬರೆದಿದ್ದೀರಿ, ಆ ವಿಷಯ ಎಲ್ಲೂ ಇಲ್ಲ.

ಫಿಸಿಯೋ ಅಕ್ಕ, ಧಾರವಾಡ

ಉಡುಪಿಯವರು ಸರಿಯಾದ ಕಡೆ ಬೆರಳಿಟ್ಟರು. ಈಗಲೇ ಮಾಡಿ ನೋಡಿ. ಗೋಡೆಗೆ ಎರಡು ಬೆರಳು ತಾಗಿಸಿ ಎಡಗಾಲೊಂದರ ಮೇಲೆ ನಿಂತು, ಮಂಡಿ ಬಗ್ಗಿಸದೆ ಹಿಮ್ಮಡಿ ಎತ್ತಿ ತುದಿಗಾಲಿಗೆ ಬನ್ನಿ, ಇಳಿಯಿರಿ. ಎಷ್ಟು ಸಲ ಆಗುತ್ತದೆ ಎಣಿಸಿ. ಆಮೇಲೆ ಬಲಗಾಲು. ನಿಮ್ಮ ಜಾಗದ ನರ ಮೀನಖಂಡಕ್ಕೆ ಹೋಗುತ್ತದೆ. ಅದರ ಮೇಲಿನ ನರವಾಗಿದ್ದರೆ ಹೆಬ್ಬೆರಳನ್ನು ಮೇಲಕ್ಕೆ ಎತ್ತಿಸಿ ನೋಡುತ್ತಿದ್ದೆ.

ಲೆಕ್ಕದ ಮೇಷ್ಟ್ರು, ದಾವಣಗೆರೆ

ಮಾಡಿದೆ. ಎಡಗಾಲು 21. ಬಲಗಾಲು 4, ಐದನೆಯದಕ್ಕೆ ಹಿಮ್ಮಡಿ ನೆಲ ಬಿಡಲಿಲ್ಲ. ನಾನೇ ಬೆಚ್ಚಿದೆ. ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು, ‘ಅಪ್ಪ, ಆಟ ಆಡಬೇಡ’ ಎಂದಳು.

ಅಕ್ಕನ ಹಿಂದಿನ ಪ್ರಶ್ನೆಗೆ ಉತ್ತರ: ಪಟ್ಟಿ ಬಿಚ್ಚಿ ‘ನಾಳೆ ಬನ್ನಿ’ ಎನ್ನುತ್ತಾರೆ.

ಫಿಸಿಯೋ ಅಕ್ಕ, ಧಾರವಾಡ

ಈ ವಾರವೇ ಬೆನ್ನೆಲುಬಿನ ಶಸ್ತ್ರವೈದ್ಯರನ್ನೋ ನರರೋಗ ತಜ್ಞರನ್ನೋ ನೋಡಿ. ಹೆದರಿಸುತ್ತಿಲ್ಲ. ನೋಡಿದವರೆಲ್ಲ ಆಪರೇಷನ್ ಮಾಡುವುದಿಲ್ಲ. ಆದರೆ ಬಲ ಕುಗ್ಗಿದೆಯೇ, ದಿನದಿಂದ ದಿನಕ್ಕೆ ಕುಗ್ಗುತ್ತಿದೆಯೇ ಎನ್ನುವುದನ್ನು ಬರೆದಿಡುವವರು ಒಬ್ಬರು ಬೇಕು. ಅಲ್ಲಿಯವರೆಗೆ ಎಳೆತ ನಿಲ್ಲಿಸಿ. ಉಳಿದ ಮೂರು ಸಿಟ್ಟಿಂಗಿನ 5,400 ರೂಪಾಯಿಗೆ ಕಾಲನ್ನು ಒತ್ತೆ ಇಡಬೇಡಿ.

ಗೇರ್ ಬಾಕ್ಸ್, ಹುಬ್ಬಳ್ಳಿ

ಒಂದು ಮಾತು ಸೇರಿಸುತ್ತೇನೆ, ಮುಜುಗರದ್ದು, ಆದರೂ ಹೇಳಲೇಬೇಕು. ನಮ್ಮ ಡಿಪೋದಲ್ಲಿ ಒಬ್ಬರಿದ್ದರು. ಸೊಂಟನೋವಿಗೆ ಊರೂರು ಸುತ್ತಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಒಂದು ದಿನ ರಾತ್ರಿ ಪಾಳಿ ಮುಗಿಸಿ ಇಳಿದಾಗ, ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟಿದಂತಾಗಿದೆ ಎಂದರು. ನಾವು ನಕ್ಕೆವು. ಹದಿನಾಲ್ಕು ಗಂಟೆ ಕೂತರೆ ಯಾರಿಗೆ ಮರಗಟ್ಟುವುದಿಲ್ಲ? ಮರುದಿನ ಮೂತ್ರ ಕಟ್ಟಿತು, ಎರಡೂ ಕಾಲು ಸೋತವು. ಆಸ್ಪತ್ರೆಗೆ ಹೋಗುವಾಗ ಮೂರನೇ ದಿನ. ಆಪರೇಷನ್ ಆಯಿತು, ನಡೆಯುತ್ತಾರೆ. ಆದರೆ ಇಂದಿಗೂ ಮೂತ್ರಕ್ಕೆ ನಳಿಕೆ ಹಾಕಿಕೊಳ್ಳುತ್ತಾರೆ. ಆ ದಿನ ನಕ್ಕದ್ದು ನನಗೆ ಇನ್ನೂ ಚುಚ್ಚುತ್ತದೆ.

ಉದ್ದಿನ ಹಿಟ್ಟು, ಉಡುಪಿ

ಅದನ್ನು ಕಾಡಾ ಈಕ್ವೈನಾ ಎನ್ನುತ್ತಾರೆ. ಬೆನ್ನುಹುರಿ ಮುಗಿಯುವಲ್ಲಿ ಕುದುರೆಯ ಬಾಲದಂತೆ ಇಳಿಬಿದ್ದ ನರಗಳ ಕಟ್ಟು ಪೂರ್ತಿ ನಜ್ಜಾಗುವುದು. ಗಂಟೆಗಳ ಲೆಕ್ಕದ ಕಾಯಿಲೆ. ಹೀಗಾದರೆ ನನ್ನ ಬಳಿ ಬರಬೇಡಿ, ಫಿಸಿಯೋ ಅಕ್ಕನ ಬಳಿಯೂ ಬೇಡ. ರಾತ್ರಿ ಎರಡಾದರೂ ಸರಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ತೋಟದ ಮನೆ, ತೀರ್ಥಹಳ್ಳಿ

ನಮ್ಮ ಅತ್ತೆಯವರದು ಬೇರೆ ಕಥೆ. ಅಡಿಕೆ ಸುಲಿಯುವ ಸಮಯ, ದಿನವಿಡೀ ಕೂತು ಸೊಂಟ ಹಿಡಿದಿದೆ ಎಂದುಕೊಂಡೆವು. ಪೇಟೆಯಲ್ಲಿ ಎಕ್ಸ್‌ರೇ ಕೂಡ ಇಲ್ಲದೆ ಎಳೆಯುವ ಮಂಚದ ಮೇಲೆ ಎರಡು ಸಲ ಮಲಗಿಸಿದರು. ಎರಡನೇ ಸಲ ಅವರು ಕಿರುಚಿಕೊಂಡರು. ಆಮೇಲೆ ಯೋಚಿಸಿದರೆ ಸುಳಿವುಗಳೆಲ್ಲ ಮುಂದೆಯೇ ಇದ್ದವು. ಸಂಜೆಯಾದರೆ ಮೈ ಬಿಸಿ, ಎರಡು ತಿಂಗಳಲ್ಲಿ ರವಿಕೆಗಳೆಲ್ಲ ಸಡಿಲ, ಮಲಗಿದರೂ ಇಳಿಯದ ನೋವು. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದರೆ ಬೆನ್ನೆಲುಬಿನ ಕ್ಷಯ. ಎರಡು ಮಣಿಗಳೂ ನಡುವಿನ ಡಿಸ್ಕೂ ಗೆದ್ದಲು ತಿಂದ ತೊಲೆಯಂತಾಗಿದ್ದವು. ಅದನ್ನು ಎಳೆದಿದ್ದರು! ಒಂದು ವರ್ಷಕ್ಕೂ ಮೇಲೆ ಮಾತ್ರೆ ನುಂಗಿ ಈಗ ಹುಷಾರಾಗಿದ್ದಾರೆ, ಮಾತ್ರೆಗಳು ಸರ್ಕಾರದಿಂದ ಉಚಿತವಾಗಿ ಬಂದವು.

ಫಿಸಿಯೋ ಅಕ್ಕ, ಧಾರವಾಡ

ಇದಕ್ಕೇ ನಾನು ವೈದ್ಯರ ಚೀಟಿ ಇಲ್ಲದೆ ಯಾರನ್ನೂ ಮಂಚ ಹತ್ತಿಸುವುದಿಲ್ಲ. ಕ್ಷಯ, ಗಡ್ಡೆ, ಮೂಳೆ ಸವೆತ ಹೆಚ್ಚಿರುವ ವಯಸ್ಸಾದ ಹೆಂಗಸರು, ಬಸುರಿಯರು, ಹೊಟ್ಟೆಯ ಮಹಾಪಧಮನಿ ಉಬ್ಬಿದವರು, ಬೆನ್ನಿಗೆ ತಿರುಪು ಹಾಕಿಸಿಕೊಂಡವರು, ಇವರನ್ನು ಎಳೆಯಬಾರದು. ಆನ್‌ಲೈನಿನಲ್ಲಿ ಕೊಳ್ಳುವ, ತಲೆಕೆಳಗಾಗಿ ತೂಗುವ ಮೇಜು ಇನ್ನೊಂದು ಪೀಡೆ. ರಕ್ತದೊತ್ತಡ, ಗ್ಲಾಕೋಮಾ ಇರುವವರು ಅದರ ಹತ್ತಿರ ಸುಳಿಯಬೇಡಿ, ಕಣ್ಣಿನೊಳಗಿನ ಒತ್ತಡ ಏರುತ್ತದೆ.

ಸಂಶಯ ಪಿಶಾಚಿ, ಬೆಂಗಳೂರು

ಮೇಷ್ಟ್ರಿಗೆ ಸ್ವಲ್ಪ ಧೈರ್ಯದ ಮಾತನ್ನೂ ಹೇಳೋಣ, ಎಲ್ಲರೂ ಹೆದರಿಸಿದ್ದೇ ಆಯಿತು.

ನಿಮ್ಮ ವರದಿಯಲ್ಲಿ ಮೇಲಿನ ಎರಡು ಡಿಸ್ಕ್ ಉಬ್ಬಿವೆ ಎಂದಿದೆಯಲ್ಲ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಯಾವ ನೋವೂ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದ್ದರು. 20ರ ವಯಸ್ಸಿನವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು, 80ರವರಲ್ಲಿ 84 ಮಂದಿಗೆ. ತಲೆಗೂದಲು ನೆರೆಯುವಂತೆ ಇದೂ ಒಂದು. ಎಂಆರ್‌ಐ ಇಡೀ ಬೀದಿಯ ಚಿತ್ರ ತೆಗೆಯುತ್ತದೆ, ಗಲಾಟೆ ಯಾವ ಮನೆಯದು ಎಂದು ಹೇಳುವುದು ಕಾಲು.

ಇನ್ನೊಂದು ಸೋಜಿಗ. ಹೊರಬಿದ್ದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸುತ್ತದೆ, ಅದೂ ಹೆಚ್ಚು ಹೊರಬಿದ್ದಷ್ಟೂ ಚೆನ್ನಾಗಿ. ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ 2015ರದೇ ಇನ್ನೊಂದು ವಿಮರ್ಶೆಯಲ್ಲಿ, ಪೂರ್ತಿ ತುಂಡಾಗಿ ಹೊರಬಂದವುಗಳಲ್ಲಿ ಶೇ 96 ತಾವಾಗಿಯೇ ಕುಗ್ಗಿದ್ದವು. ಸುಮ್ಮನೆ ಉಬ್ಬಿದವುಗಳಲ್ಲಿ ಶೇ 13 ಮಾತ್ರ. ಬಳೆಯೊಳಗೆ ಉಳಿದದ್ದು ದೇಹದ ಕಣ್ಣಿಗೆ ಬೀಳುವುದಿಲ್ಲ, ಹೊರಬಂದದ್ದನ್ನು ಪರಕೀಯವೆಂದು ತಿಳಿದು ರಕ್ತಕಣಗಳು ಮೇಯುತ್ತವೆ.

ಆಪರೇಷನ್ ಬಗ್ಗೆಯೂ ಒಂದು ಲೆಕ್ಕವಿದೆ. ನೆದರ್ಲೆಂಡ್ಸ್‌ನಲ್ಲಿ 6ರಿಂದ 12 ವಾರ ಕಾಲುನೋವಿನಿಂದ ನರಳಿದ 283 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವುದು, ತೀರಾ ಆಗದಿದ್ದರೆ ಮಾತ್ರ ಆಪರೇಷನ್. 2007ರಲ್ಲಿ ಪ್ರಕಟವಾಯಿತು. ಬೇಗ ಮಾಡಿಸಿಕೊಂಡವರ ನೋವು ಬೇಗ ಹೋಯಿತು. ಕಾಯ್ದವರಲ್ಲಿ ಶೇ 39 ಮಂದಿ ಕೊನೆಗೆ ಮಾಡಿಸಿಕೊಂಡರು. ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇ 95 ಮಂದಿ ಚೇತರಿಸಿಕೊಂಡಿದ್ದರು. ಅಂದರೆ ಬಲ ಕುಸಿಯದಿದ್ದರೆ ಕಾಯುವುದೂ ಒಂದು ದಾರಿ, ನೋವು ತಾಳಲಾಗದಿದ್ದರೆ ಆಪರೇಷನ್ನೂ ಒಂದು ದಾರಿ. ನೇರ ಮಾತು ಅವರ ಬೆಟ್ಟದ ಗುಟ್ಟೂ ಇಲ್ಲೇ ಇರಬಹುದು. ಎಳೆತ ನಡೆದ ಎರಡು ತಿಂಗಳಲ್ಲೇ ದೇಹ ತನ್ನ ಕೆಲಸ ಮುಗಿಸಿತು, ಬಿಲ್ಲು ಮಾತ್ರ ಯಂತ್ರದ ಹೆಸರಿನಲ್ಲಿ ಬಂತು.

ನೇರ ಮಾತು, ಮೈಸೂರು

ಇರಬಹುದು. ಆದರೆ ಆ ಎರಡು ತಿಂಗಳು ಸುಮ್ಮನೆ ಕೂತು ಕಾಯಲು ನನ್ನಿಂದ ಆಗುತ್ತಿರಲಿಲ್ಲ. ದಿನ ಬೆಳಗಾದರೆ ಎಲ್ಲಿಗೋ ಹೋಗುವುದಿದೆ, ಯಾರೋ ನೋಡಿಕೊಳ್ಳುತ್ತಾರೆ ಎನ್ನುವುದಕ್ಕೂ ಬೆಲೆ ಇದೆ. ನಾನು ಕೊಟ್ಟದ್ದು ಅದಕ್ಕೇ ಎನ್ನಿ. ಮೇಷ್ಟ್ರ ಕಾಲು 4ಕ್ಕೆ ನಿಂತದ್ದು ಕೇಳಿದ ಮೇಲೆ, ಮುಗಿಸಿ ಎಂದ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ನನ್ನ ಕಾಲಿನ ಬಲವನ್ನು ಯಾರೂ ನೋಡಿರಲಿಲ್ಲ, ಈಗ ನೋಡಿಕೊಂಡೆ. ಎರಡೂ ಸರಿಯಾಗಿವೆ.

ಲೆಕ್ಕದ ಮೇಷ್ಟ್ರು, ದಾವಣಗೆರೆ (ಒಂಬತ್ತು ವಾರಗಳ ನಂತರ)

ಬರೆಯುತ್ತೇನೆ ಎಂದು ಹೇಳಿ ಮಾಯವಾಗಿದ್ದೆ, ಕ್ಷಮಿಸಿ. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ.

ಶಸ್ತ್ರವೈದ್ಯರು ಎಂಆರ್‌ಐ ಫಿಲ್ಮನ್ನು ಕೊನೆಯಲ್ಲಿ ನೋಡಿದರು. ಮೊದಲು ಹಿಮ್ಮಡಿ ಎತ್ತಿಸಿದರು, ಸುತ್ತಿಗೆಯಿಂದ ಹಿಮ್ಮಡಿಯ ಹುರಿಗೆ ತಟ್ಟಿದರು (ಬಲಗಡೆ ಕಾಲು ಅಲುಗಲೇ ಇಲ್ಲ), ಮೂತ್ರದ ಬಗ್ಗೆ ಕೇಳಿದರು. ಬಲ ಕುಗ್ಗಿದೆ, ಆದರೆ ತೀರಾ ಹೋಗಿಲ್ಲ. ಎರಡು ವಾರ ನೋಡೋಣ, ಇನ್ನೂ ಇಳಿದರೆ ತಡಮಾಡದೆ ಆಪರೇಷನ್ ಎಂದರು. ದಿನವೂ ಸಂಜೆ ಎಣಿಸಿ ಬರೆದಿಡಲು ಹೇಳಿದರು. ಗಣಿತದವನಿಗೆ ಇದಕ್ಕಿಂತ ಹಿತವಾದ ಚಿಕಿತ್ಸೆ ಇದೆಯೇ? ಚೌಕಗಳ ಹಾಳೆಯಲ್ಲಿ ಗ್ರಾಫ್ ಹಾಕಿದೆ. 4, 4, 3, 5, 5. ಮೂರಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ವಾರದ ಕೊನೆಗೆ 7. ನಿನ್ನೆ 16.

ಮಾಡಿದ್ದು ಇಷ್ಟು. ನೋವಿನ ಮಾತ್ರೆ ಸ್ವಲ್ಪ ದಿನ. ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಬಗ್ಗುವುದಿಲ್ಲ. ರಾತ್ರಿ ಡಿಸ್ಕ್‌ಗಳು ನೀರು ಹೀರಿ ಹಿಗ್ಗಿರುತ್ತವಂತೆ. ನಾವು ಸಂಜೆಗಿಂತ ಬೆಳಿಗ್ಗೆ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಂತೆ, ಆ ಇಳಿಕೆಯ ಅರ್ಧಕ್ಕಿಂತ ಹೆಚ್ಚು ಮೊದಲ ಗಂಟೆಯಲ್ಲೇ ಆಗುತ್ತದಂತೆ. ನಂಬದೆ ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗುರುತು ಹಾಕಿ ನೋಡಿದೆ, ನನ್ನದು 14 ಮಿಲಿಮೀಟರ್. ಅಂದರೆ ಹಾಸಿಗೆಯೇ ದಿನವೂ ಎಂಟು ಗಂಟೆ ಉಚಿತವಾಗಿ ಡಿಕಂಪ್ರೆಷನ್ ಕೊಡುತ್ತಿತ್ತು. ನಡಿಗೆ ಹತ್ತು ನಿಮಿಷದಿಂದ ಶುರು ಮಾಡಿ ಈಗ ನಲವತ್ತು. ಇಲ್ಲಿನ ಫಿಸಿಯೋ ಹೇಳಿಕೊಟ್ಟಂತೆ ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು. ಹಾಗೆ ಮಾಡಿದಾಗ ನೋವು ಕಾಲಿನಿಂದ ಮೇಲಕ್ಕೆ, ಸೊಂಟದ ಕಡೆಗೆ ಸರಿದರೆ ಒಳ್ಳೆಯ ಲಕ್ಷಣವಂತೆ, ಸೊಂಟದಲ್ಲಿ ಹೆಚ್ಚಾದರೂ ಪರವಾಗಿಲ್ಲವಂತೆ. ನನಗೆ ಮೊದಲು ಮೀನಖಂಡ ಬಿಟ್ಟಿತು, ಆಮೇಲೆ ತೊಡೆ. ಕಿರುಬೆರಳಿನ ಜೋಮು ಮಾತ್ರ ಬಾಡಿಗೆ ಕೊಡದ ಬಾಡಿಗೆದಾರನಂತೆ ಅಲ್ಲೇ ಕೂತಿದೆ.

ಸಿಲಿಂಡರಿನ ಲೆಕ್ಕವೂ ತಿಳಿಯಿತು. 1990ರ ದಶಕದಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕರ ಡಿಸ್ಕಿನೊಳಗೆ ಒತ್ತಡದ ಮಾಪಕ ಇಟ್ಟು ಅಳೆದಿದ್ದಾರೆ. ನಿಂತಾಗ 0.5 ಮೆಗಾಪಾಸ್ಕಲ್, ಮಲಗಿದಾಗ 0.1. ಬೆನ್ನು ಬಗ್ಗಿಸಿ 20 ಕಿಲೋ ಎತ್ತಿದಾಗ 2.3. ನನ್ನ ಸಿಲಿಂಡರು ತುಂಬಿದಾಗ ಸುಮಾರು 30 ಕಿಲೋ. ಮುಂದಿನ ವರ್ಷ ಒತ್ತಡದ ಪಾಠಕ್ಕೆ ಈ ಉದಾಹರಣೆಯನ್ನೇ ಕೊಡಬೇಕೆಂದು ವಿಜ್ಞಾನದ ಮೇಡಂ ಅವರಿಗೆ ಹೇಳಿದ್ದೇನೆ.

ಮುಂಗಡದ ವಿಷಯ: ಉಳಿದ 5,400 ವಾಪಸು ಕೇಳಿದೆ. ಹಣ ಹಿಂತಿರುಗಿಸುವ ಪದ್ಧತಿ ಇಲ್ಲ, ಬೇಕಾದರೆ ಮನೆಯವರು ಯಾರಾದರೂ ಆ ಮೂರು ಸಿಟ್ಟಿಂಗ್ ಬಳಸಿಕೊಳ್ಳಲಿ ಎಂದರು. ಮನೆಯಲ್ಲಿ ಯಾರ ಸೊಂಟವೂ ಖಾಲಿ ಇಲ್ಲ ಎಂದು ಹೇಳಿ ಬಂದೆ.

ಈಗ ಒಂದು ಸಣ್ಣ ಪ್ರಶ್ನೆ. ಮುಂದಿನ ತಿಂಗಳು ತೀರ್ಥಹಳ್ಳಿಯ ಕಡೆ ತಂಗಿಯ ಮಗಳ ಮದುವೆ. ಬಸ್ಸಿನಲ್ಲಿ ಹೋಗಬಹುದೇ?

ಫಿಸಿಯೋ ಅಕ್ಕ, ಧಾರವಾಡ

16! ಹೋಗಿ. ಶಿವಮೊಗ್ಗದಲ್ಲಿ ಇಳಿದು ಹದಿನೈದು ನಿಮಿಷ ನಡೆದು ಮುಂದಿನ ಬಸ್ ಹತ್ತಿ. ಸೊಂಟದ ಹಿಂದೆ ಟವಲ್ ಸುರುಳಿ ಇಟ್ಟುಕೊಳ್ಳಿ. ಮದುವೆ ಮನೆಯಲ್ಲಿ ಪಾತ್ರೆ ಎತ್ತಲು ಹೋಗಬೇಡಿ, ನೆಲದ ಪಂಕ್ತಿಯಲ್ಲಿ ಕೂರಬೇಡಿ.

ಗೇರ್ ಬಾಕ್ಸ್, ಹುಬ್ಬಳ್ಳಿ

ಹಿಂದಿನ ಚಕ್ರದ ಮೇಲಿನ ಸೀಟು, ಅದರ ಹಿಂದಿನವು ಯಾವುದೂ ಬೇಡ. ರಸ್ತೆಯ ಉಬ್ಬೆಲ್ಲ ಅಲ್ಲಿ ಕೂತವರ ಸೊಂಟಕ್ಕೇ ಬರುತ್ತದೆ. ಎರಡೂ ಚಕ್ರಗಳ ನಡುವೆ, ಚಾಲಕನ ಹಿಂದೆ ಮೂರನೆಯದೋ ನಾಲ್ಕನೆಯದೋ ಸಾಲು, ಓಣಿಯ ಪಕ್ಕ. ಕಾಲು ಚಾಚಬಹುದು. ಚಾಲಕನಿಗೆ ಮೊದಲೇ ಒಂದು ಮಾತು ಹೇಳಿ, ‘ಸ್ವಾಮಿ, ಸೊಂಟ ಸರಿಯಿಲ್ಲ’ ಎಂದು. ಅವನದೂ ಸರಿಯಿರುವುದಿಲ್ಲ, ಹಂಪ್ ಬಂದಾಗ ನಿಧಾನ ಮಾಡುತ್ತಾನೆ.

ತೋಟದ ಮನೆ, ತೀರ್ಥಹಳ್ಳಿ

ಮದುವೆ ಯಾವ ಊರಿನಲ್ಲಿ ಮೇಷ್ಟ್ರೇ? ನಮ್ಮ ಕಡೆಯದಾದರೆ ಬಡಿಸಲು ನಾವೂ ಇರುತ್ತೇವೆ. ನಿಮಗೆ ಮೇಜಿನ ಪಂಕ್ತಿಯಲ್ಲಿ ಜಾಗ ಹಿಡಿದಿಡುತ್ತೇನೆ.